ಹವ್ಯಾಸಿಯ ಜಾಗಟೆ

ನಮ್ಮ ಸೀಮೆಯಲ್ಲಿ ಯಕ್ಷಗಾನ ಮೇಳದೊಡನೆ ತಿರುಗುವ ಭಾಗವತರಿಗೆ ವೃತ್ತಿಪರರೆಂದೂ, ಹಗಲೆಲ್ಲ ಬೇರೊಂದು ಉದ್ಯೋಗ ಮಾಡಿ ರಾತ್ರಿ ಪದ ಹೇಳುವವರಿಗೆ ಹವ್ಯಾಸಿಗಳೆಂದೂ ಹೆಸರು. ‘ಹವ್ಯಾಸ’ವೆಂಬುದು ಹೋಮಧೂಮದ ವಾಸನೆಯುಳ್ಳ ಶಬ್ದದಂತೆ ಕೇಳಿಸಿದರೂ ಸಂಸ್ಕೃತದ್ದಲ್ಲ, ಮರಾಠಿಯ ಮಾರ್ಗವಾಗಿ ನಮ್ಮಲ್ಲಿಗೆ ಬಂದುದು. ಅಲ್ಲಿ ಅದಕ್ಕೆ ತೀರದ ಹಂಬಲವೆಂಬ ಅರ್ಥವುಂಟು. ಕಾರ್ಕಳದ ಬಳಿಯ ಶಾಲೆಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಾವು, ಶನಿವಾರ ಸಂಜೆಯಾಯಿತೆಂದರೆ ಜಾಗಟೆಯ ಚೀಲವನ್ನು ಹೆಗಲಿಗೇರಿಸಿ ಹೊರಡುತ್ತಿದ್ದುದನ್ನು ಕಂಡ ನಮ್ಮ ಮನೆಯವರು ಆ ಮರಾಠಿಯ ಅರ್ಥವೇ ಸರಿಯೆನ್ನುತ್ತಾರೆ.

ನಮ್ಮ ಶಿಕ್ಷಣದ ಬಹುಭಾಗವು ಬಸ್ಸಿನ ದಾರಿಗಳಲ್ಲಿ ನಡೆಯಿತು. ಬೈಲೂರು, ಹಿರಿಯಡಕ, ಪರ್ಕಳಗಳನ್ನು ದಾಟಿ ಮಣಿಪಾಲದ ಗುಡ್ಡವನ್ನೇರಿ ಉಡುಪಿಗಿಳಿಯುವ ದಾರಿಯೊಂದು. ಶಿರ್ವದ ಮೇಲಿನಿಂದ ಕಾಪುವಿನ ಕಡಲಿಗೆ ಹೋಗುವ ದಾರಿ ಇನ್ನೊಂದು. ಕಾಪುವಿನ ಅಂಗಳವೊಂದರಲ್ಲಿ ತಾಳಮದ್ದಳೆಗೆ ಕುಳಿತಾಗ, 1901ರ ದೀಪಸ್ತಂಭದ ಬೆಳಕು ತೆಂಗಿನ ತಲೆಗಳ ಮೇಲೆ ಸುತ್ತುತ್ತಿರುವುದು. ಅದು ಯಾವ ತಾಳಕ್ಕೂ ಸರಿಯಾಗಿ ತಿರುಗುವುದಿಲ್ಲವೆಂಬುದೊಂದೇ ನಮ್ಮ ದೂರು! ಉಡುಪಿಯ ಆಸುಪಾಸಿನಲ್ಲಿ ತೆಂಕು, ಬಡಗು ಎರಡು ತಿಟ್ಟುಗಳೂ ಕೇಳಸಿಗುವುವು. ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಹುಟ್ಟಿದ ಯಕ್ಷಗಾನ ಕೇಂದ್ರವೂ ಅಲ್ಲಿದೆ. ಹಿರಿಯಡಕದಲ್ಲಿ ಬಸ್ಸು ನಿಂತಾಗಲೆಲ್ಲ ಹಿರಿಯಡಕ ಗೋಪಾಲರಾಯರನ್ನು ನೆನೆಯದೆ ನಾವು ಮುಂದೆ ಹೋದುದಿಲ್ಲ. ಏರುಶ್ರುತಿಯ ಮದ್ದಳೆಗೆ ಹೆಸರಾದ ಅವರು 1919ರಲ್ಲಿ ಹುಟ್ಟಿ, ನೂರು ವರ್ಷವನ್ನು ದಾಟಿ, 2020ರಲ್ಲಿ ಕಾಲವಾದರು. ಅಮೆರಿಕೆಯಿಂದ ಬಂದ ಮಾರ್ತಾ ಆಶ್ಟನ್ ಎಂಬ ವಿದುಷಿ ಯಕ್ಷಗಾನವನ್ನು ಅಭ್ಯಸಿಸಿದ್ದು ಅವರಲ್ಲಿ. ಸಮುದ್ರವನ್ನು ದಾಟಿ ಬಂದವರಿಗೆ ದೊರೆತ ವಿದ್ಯೆ ಹತ್ತು ಮೈಲಿಯ ಆಚೆಯವರಿಗೆ ದೊರೆಯಬಾರದೇ ಎಂಬುದು ಆಗ ನಮ್ಮ ಹಠವಾಗಿತ್ತು.

ಆದರೆ ದೊಡ್ಡವರು ಕಲಿಸುವುದಕ್ಕೆಂದು ಕುಳಿತುಕೊಳ್ಳುವವರಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರ ಜಗಳ ಬಿಡಿಸುವ ಪ್ರಸಂಗವನ್ನು ಓದಿದವರಿಗೆ ಈ ಮಾತು ಹೊಸದಲ್ಲ: ಕೆಲವರಿಗೆ ತಾವು ಮಾಡುವುದು ಬರುತ್ತದೆ, ಕೆಲವರಿಗೆ ಇನ್ನೊಬ್ಬರಲ್ಲಿ ತುಂಬುವುದು ಬರುತ್ತದೆ. ಮೇಳದ ಭಾಗವತನಿಗೆ ರಾತ್ರಿ ಪದ, ಹಗಲು ನಿದ್ದೆ, ಸಂಜೆ ಮತ್ತೊಂದು ಊರು, ಪಾಠಕ್ಕೆ ಹೊತ್ತೆಲ್ಲಿ? ಆದುದರಿಂದ ರಂಗಸ್ಥಳದ ಪಕ್ಕದಲ್ಲಿ ಕುಳಿತು ಕದ್ದು ಕಲಿಯುವುದೇ ನಮ್ಮಂಥವರಿಗೆ ಉಳಿದ ಉಪಾಯ.

ಬಲಿಪ ನಾರಾಯಣ ಭಾಗವತರನ್ನು (1938–2023) ಕೇಳುವುದಕ್ಕೆ ನಾವು ನಿದ್ದೆಗೆಟ್ಟ ರಾತ್ರಿಗಳಿಗೆ ಲೆಕ್ಕವಿಲ್ಲ. ಕಟೀಲು ಮೇಳದಲ್ಲಿ ದಶಕಗಳ ಕಾಲ ಪದ ಹೇಳಿದ ಮಹನೀಯರು ಅವರು. ಎಲ್ಲರೂ ಹೊಗಳಿದ್ದು ಆ ಏರುಸ್ವರವನ್ನು. ನಾವು ಹೋಗಹೋಗುತ್ತ ಕಂಡುಕೊಂಡ ಸಂಗತಿ ಬೇರೆ. ಪ್ರಸಂಗಪುಸ್ತಕದ ಹಂಗಿಲ್ಲದವರ ಕಣ್ಣು ಅಕ್ಷರದ ಮೇಲಿರಬೇಕಾಗಿಲ್ಲ. ಅದು ವೇಷಧಾರಿಯ ಕಾಲಿನ ಮೇಲಿರುತ್ತದೆ. ಮಹಿಷಾಸುರ ದಣಿದನೋ, ಇನ್ನೊಂದು ಸುತ್ತು ಕುಣಿದಾನೋ ಎಂಬುದು ಕುಣಿಯುವವನಿಗಿಂತ ಮೊದಲು ಹಾಡುವವನಿಗೆ ತಿಳಿದಿರಬೇಕು. ಪದದ ಸೊಲ್ಲನ್ನು ಮತ್ತೊಮ್ಮೆ ಎತ್ತುವುದು, ಇಲ್ಲವೇ ಥಟ್ಟನೆ ಮುಕ್ತಾಯಕ್ಕೆ ತರುವುದು, ಇವೆಲ್ಲ ಆ ನೋಟದಿಂದ ಹುಟ್ಟುವುವು. ಇನ್ನೊಂದು ವಿಷಯ ಗಂಟಲಿನ ಲೆಕ್ಕಾಚಾರ. ವಾರಕ್ಕೊಮ್ಮೆ ಹಾಡುವ ಹವ್ಯಾಸಿಯು ಮೊದಲ ಪದಕ್ಕೇ ಇದ್ದ ಬಂಡವಾಳವನ್ನೆಲ್ಲ ಸುರಿಯುತ್ತಾನೆ. ನಾಳೆಯೂ ನಾಡಿದ್ದೂ ಹಾಡಬೇಕಾದವನು ಹಾಗೆ ಮಾಡಲಾರ. ದೀಪಾವಳಿಯ ಬಳಿಕ ಹೊರಟ ಮೇಳವು ಬೇಶ ತಿಂಗಳ ಹತ್ತರ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಆರು ತಿಂಗಳಿಗೂ ಮೇಲೆ ಆ ಸ್ವರ ನಿಲ್ಲಬೇಕು.

ಬಡಗಿನ ಕಾಳಿಂಗ ನಾವುಡರ ಹೊಸ ರಾಗಗಳನ್ನು ಅನುಕರಿಸಿದವರು ಊರೂರಿಗಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅನುಕರಣಕ್ಕೆ ಸಿಗುವುದು ರಾಗ ಮಾತ್ರ. ಯಾವ ಸನ್ನಿವೇಶಕ್ಕೆ ಯಾವುದೆಂಬ ಔಚಿತ್ಯ ಸಿಗುವುದಿಲ್ಲ. 1958ರಲ್ಲಿ ಹುಟ್ಟಿದ ಅವರು 1990ರ ಮೇ ತಿಂಗಳಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಮೂವತ್ತೆರಡು ವರ್ಷವೂ ತುಂಬಿರಲಿಲ್ಲ!

ಈ ಹೆಸರು ನಮ್ಮ ಜಗಲಿಯಲ್ಲಿ ಈಚೆಗೆ ಮತ್ತೆ ಬಂತು. ನಮ್ಮಲ್ಲಿ ಪದ ಕಲಿತ ಹುಡುಗನೊಬ್ಬನು ಮಣಿಪಾಲದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅವನನ್ನು ಮೇಳವೊಂದು ಕರೆದಿದೆ. ಕೆಲಸ ಬಿಟ್ಟು ಹೋಗುವೆನೆಂದು ಅವನು. ರಾತ್ರಿಯ ರಸ್ತೆ, ಕೆಟ್ಟ ನಿದ್ದೆ, ಮಳೆಗಾಲದ ನಾಲ್ಕು ತಿಂಗಳು ಇವುಗಳನ್ನೆಣಿಸಿ ಅವನ ತಂದೆ. ಇಬ್ಬರೂ ಒಂದು ಭಾನುವಾರ ನಮ್ಮಲ್ಲಿಗೆ ಬಂದರು. ತಂದೆಯವರು ನಾವುಡರ ಮಾತನ್ನೆತ್ತಿದರು. ಹುಡುಗನು ಗೋಪಾಲರಾಯರ ನೂರು ವರ್ಷವನ್ನು ಎದುರಿಗಿಟ್ಟನು. ನಾವು ಎಡೆಯಲ್ಲಿ ಕುಳಿತು ಎಲೆಯಡಿಕೆಯ ತಟ್ಟೆಯನ್ನು ಅತ್ತಿತ್ತ ಸರಿಸುತ್ತಿದ್ದೆವು.

“ಮಾಸ್ತರೇ, ಇವನ ಸ್ವರ ಎಷ್ಟು ವರ್ಷ ಬಂದೀತು?” ಎಂದು ಅವರು ಕೇಳಿದರು.

ವ್ಯಾಕರಣದಲ್ಲಿ ಇದಕ್ಕೆ ಸೂತ್ರವಿಲ್ಲ. ಮುಂದಿನ ಶನಿವಾರ ಕಾಪುವಿನಲ್ಲಿ ಇವನ ಪದವಿದೆ, ತಾವೂ ಬಂದು ಕೇಳಬೇಕು ಎಂದೆವು. ಆ ಹಿರಿಯರು ಮಗನ ಪದವನ್ನು ಕುಳಿತು ಕೇಳಿದ್ದೇ ಇರಲಿಲ್ಲವಂತೆ. ಬಂದರು, ಹಿಂದಿನ ಸಾಲಿನಲ್ಲಿ ಕುಳಿತರು, ನಡುರಾತ್ರಿಯವರೆಗೂ ಎದ್ದು ಹೋಗಲಿಲ್ಲ. ಮೆಚ್ಚಿದರೋ ಇಲ್ಲವೋ ಹೇಳಲಿಲ್ಲ. ಮರಳುವಾಗ ಶಿರ್ವದ ಹತ್ತಿರ ಮಗನಿಗೆ ತಮ್ಮ ಶಾಲನ್ನು ಕೊಟ್ಟು, ಕತ್ತಿಗೆ ಸುತ್ತಿಕೊ, ಗಾಳಿ ತಂಪು ಎಂದರು.

ರಾಜೀನಾಮೆಯ ಪತ್ರವನ್ನು ಹುಡುಗನು ಬರೆದಿಟ್ಟಿದ್ದಾನೆ, ಕೊಟ್ಟಿಲ್ಲ. ಮೇಳದವರಿಗೆ ದೀಪಾವಳಿಗೆ ಮೊದಲು ಉತ್ತರ ಹೇಳಬೇಕು. ಅಷ್ಟರೊಳಗೆ ಮೊದಲ ಪದಕ್ಕೇ ಗಂಟಲನ್ನು ಸುರಿಯುವ ಅವನ ಅಭ್ಯಾಸವನ್ನು ಬಿಡಿಸಬೇಕೆಂದು ನಾವು ವಾರಕ್ಕೆರಡು ಸಂಜೆ ಮಣಿಪಾಲಕ್ಕೆ ಹೋಗಿ ಬರುತ್ತಿದ್ದೇವೆ.