ಎರಡು ಕಸುಬಿನ ಮಗ, ಒಂದು ಕಸುಬಿನ ದೊಡ್ಡವ್ವ

ಐತವಾರ ಮಧ್ಯಾಹ್ನ ನಮ್ಮ ಮನಿಯಿಂದ "ಹೊಡಿ, ಹೊಡಿ!" ಅಂತ ಚೀರೂದು ಕೇಳಿ ಅಂಜಬ್ಯಾಡ್ರಿ. ಜಗಳ ಅಲ್ಲ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ. 1974ರಾಗ ಅಮೆರಿಕಾದಾಗ ಗ್ಯಾರಿ ಗೈಗ್ಯಾಕ್ಸ್ ಮತ್ತ ಡೇವ್ ಆರ್ನೆಸನ್ ಹೊರಗ ತಂದದ್ದು. ಪಗಡಿಯಂಗ ದಾಳ ಅದಾವ, ಆದ್ರ ಗೆಲ್ಲೂದು ಸೋಲೂದು ಇಲ್ಲ. ಎಲ್ಲಾರೂ ಕೂಡಿ ಒಂದು ಕಥಿ ಕಟ್ಟೂದು. ಕಥಿ ನಡಸಾಂವ ನನ್ನ ಮಗ. ಅವನ ಹತ್ರ ಇರೂದು 1989ರ ಎರಡನೇ ಆವೃತ್ತಿ ಪುಸ್ತಕ. ಮಂದಿ ಕಡಿಮಿ ಬಿದ್ರು ಅಂತ ನನ್ನೂ ಕುಂಡರಿಸಿದ್ರು.

ನಾ ಫೈಟರ್ ಆದೆ. ಕತ್ತಿ, ಢಾಲು, ಮೈತುಂಬ ಕವಚ, ಇಷ್ಟ. ನನ್ನ ತಂಗಿ ಮಗನೂ ಫೈಟರ್ ಆಗೇ ಶುರು ಮಾಡಿ, ಐದನೇ ಲೆವೆಲ್ಲಿಗೆ ಬಂದ ಮ್ಯಾಲೆ ಮಾಂತ್ರಿಕ ಆಗತೀನಿ ಅಂದ. ಇದಕ್ಕ ಡ್ಯುಯಲ್ ಕ್ಲಾಸ್ ಅಂತಾರ. ಯಾರ್ ಬೇಕಾದೋರಿಗೆ ಸಿಗೂದಿಲ್ಲ. ಹಳೇ ಕಸುಬಿಗೆ ಬೇಕಾದ ಗುಣದಾಗ 15, ಹೊಸಾದಕ್ಕ 17 ಇರಬೇಕು. ಮೂರು ದಾಳ ಹಾಕಿದ್ರ 17 ಅಥವಾ 18 ಬೀಳೂದು 216ರಾಗ ಬರೇ ನಾಕು ಸಲ. ಅವಗ ಬಿದ್ದಿತ್ತು.

ಮೊದಲ ಅವನ ಪಾಡು ನೋಡಬಾರದು. ದಿನಕ್ಕ ಒಂದ ಮಂತ್ರ. ಮಂತ್ರ ಹಾಕಬೇಕಂದ್ರ ಕವಚ ತೊಡೂಹಂಗಿಲ್ಲ. ಹೊಸ ಕಸುಬಿನ ಲೆವೆಲ್ಲು ಹಳೇದನ್ನ ದಾಟೂತನಾ ಫೈಟರ್ ಕೈಚಳಕ ತೋರಿಸಿದ್ರ ಆ ಕಾಳಗದ ಅನುಭವದ ಅಂಕ ಪೂರಾ ಹೋದಂಗ. ಎಷ್ಟೋ ಐತವಾರ ನನ್ನ ಢಾಲಿನ ಹಿಂದ ಅಡಗಿ ಕುಂತ.

ಆಮ್ಯಾಲೆ ಆರನೇ ಲೆವೆಲ್ ಮಾಂತ್ರಿಕ ಆದ. ಅವತ್ತಿಂದ ಎರಡೂ ಕಸುಬು ಅವನ ಕೈಯಾಗ. ರಾಕ್ಷಸ ಬಂದ್ರ ಬೆಂಕಿ ಉಂಡಿ, ಕೀಲಿ ಹಾಕಿದ ಬಾಗಿಲಾ ಇದ್ರ ಮಂತ್ರ. ನಾ ಕತ್ತಿ ಹಿರಿಯೂದ್ರಾಗ, "ದೊಡ್ಡವ್ವ, ನೀ ಸುಮ್ನ ಕುಂದರು, ನಾ ನೋಡ್ಕೋತೀನಿ" ಅಂತಿದ್ದ. ನಾ ಎದ್ದು ಚಹಾಕ್ಕಿಡಾಕ ಹೋಗತಿದ್ದೆ. ಆಟ ಅಂತ ಅಂದ್ರೂ ಮನಸ್ಸಿಗೆ ಚುರ್ ಅಂತಿತ್ತು. ಮನಿ ಒಂದ ನೋಡ್ಕೊಂಡಾಕಿಗೆ ಈ "ಸುಮ್ನ ಕುಂದರು" ಅನ್ನೂದು ಹೊಸಾದಲ್ಲ.

ಒಂದಿನ ಲೆಕ್ಕ ಮಾಡಿದೆ. ಐದನೇ ಲೆವೆಲ್ ಫೈಟರಗ 16,000 ಅಂಕ, ಆರನೇ ಲೆವೆಲ್ ಮಾಂತ್ರಿಕಗ 40,000. ಕೂಡಿಸಿದ್ರ 56,000. ಅಷ್ಟ ಅಂಕಕ್ಕ ನಾ ಬರೇ ಆರನೇ ಲೆವೆಲ್ ಫೈಟರ್! ಏಳಕ್ಕ 64,000 ಬೇಕು. ಅಂದ್ರ ಕತ್ತಿಯಾಗ ನನಗಿಂತ ಒಂದ ಮೆಟ್ಟಲಾ ಕೆಳಗ, ಮಂತ್ರ ಪೂರಾ ಮ್ಯಾಲಿನ ಲಾಭ. ಮಗನ ಮುಂದ ಚೀಟಿ ಹಿಡದು, "ನಾ ಇನ್ನ ಬರೂದಿಲ್ಲಪಾ" ಅಂದೆ.

ಮಗ ಮಾತಾಡಲಿಲ್ಲ. ಮಗಳು ಅಂದ್ಲು: "ಅವ್ವ, ಗುಹಾದಾಗ ನೀ ಬಿದ್ದಾಗ ಅಂವ ಕತ್ತಿ ಹಿಡದು ನಿನ್ನ ಉಳಿಸಿದ್ನಲ್ಲ. ಅವತ್ತಿನ ಅಂಕ ಬಿಟ್ಟ. ಅದನ್ನ ಚೀಟ್ಯಾಗ ಬರದೀಯೇನು?"

ಬರದಿರಲಿಲ್ಲ.

ಮೂವರೂ ಕೂತು ವಿಚಾರ ಮಾಡಿದ್ವಿ. ಅವನ ಮಂತ್ರ ಕಸಗೊಂಡ್ರ ಕಷ್ಟಪಟ್ಟು ದುಡದದ್ದನ್ನ ಕಸಗೊಂಡಂಗ. ಹಂಗಾರ ತಪ್ಪು ಎಲ್ಲಿ? ಆರನೇ ಲೆವೆಲ್ ಮಾಂತ್ರಿಕಗ ದಿನಕ್ಕ ಎಂಟ ಮಂತ್ರ. ಮುಗದ್ರ ಮಲಗಿ ಎದ್ದು, ಮತ್ತ ಪುಸ್ತಕ ಓದಿ ನೆಪ್ಪು ಮಾಡ್ಕೋಬೇಕು. ನನ್ನ ಮಗ ಒಂದೊಂದು ಕಾಳಗ ಆದಮ್ಯಾಲೂ "ರಾತ್ರಿ ಆತು, ಮಲಗ್ರಿ" ಅಂತಿದ್ದ. ಎಂಟೂ ಮಂತ್ರ ಒಂದ ಕಾಳಗಕ್ಕ ಸುರದ್ರ ನನಗೇನು ಉಳೀತದ? ನಿಯಮಕ್ಕಿಂತ ನಮ್ಮ ನಿದ್ದಿದ ತಪ್ಪು ಹೆಚ್ಚಿತ್ತು.

ಈಗ ಮಗ ಕೋಟಿಗೆ ಮುತ್ತಿಗಿ ಹಾಕಿಸ್ಯಾನ. ಒಂದ ದಿನದಾಗ ಐದಾರು ಸಲ ವೈರಿ ಏರಿ ಬರತಾರ, ಮಲಗಾಕ ಪುರಸೊತ್ತಿಲ್ಲ. ಮಂತ್ರ ತೀರತಾವ, ಕತ್ತಿ ತೀರೂದಿಲ್ಲ. ಕವಚ ಇಲ್ಲದ ಅಂವ ಬಾಗಿಲಿಗೆ ಅಡ್ಡ ನಿಂದ್ರಾಕ ಬರೂದಿಲ್ಲ, ನಾ ನಿಂದರತೀನಿ.

ಹೋದ ಐತವಾರ ಎಂಟನೇ ಮಂತ್ರ ಹಾಕಿ ಅಂವ ನನ್ನ ಕಡೆ ನೋಡಿದ. "ದೊಡ್ಡವ್ವ, ಇನ್ನ ನೀನ ನೋಡು" ಅಂದ. ಅವತ್ತು ಚಹಾ ಅವನ ಮಾಡಿ ತಂದ. ಸಕ್ರಿ ಜಾಸ್ತಿ ಆಗಿತ್ತು, ಕುಡದೆ.