ಮಾತನಾಡುವ ಬೊಂಬೆಗಳ ಊರಿನಲ್ಲಿ

ಅಮೆರಿಕ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಉದ್ಯೋಗನಿಮಿತ್ತವಾಗಿ ನೆಲೆಸಿರುವ ನಮ್ಮ ಚಿರಂಜೀವಿಯ ಬಲವಂತಕ್ಕೆ ಕಟ್ಟುಬಿದ್ದು, 2023ನೆಯ ಇಸವಿಯ ಬೇಸಗೆಯಲ್ಲಿ ನಾವು ಸಕುಟುಂಬರಾಗಿ ಆ ದೇಶಕ್ಕೆ ಪ್ರಯಾಣ ಮಾಡಿದೆವು. ಅಲ್ಲಿನ ನಗರಗಳನ್ನೂ ಸಮುದ್ರತೀರಗಳನ್ನೂ ಕುರಿತು ಬರೆದವರು ಅನೇಕರಿರುವುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಎಂಟು ವರ್ಷದ ನಮ್ಮ ಮೊಮ್ಮಗನು ಹಟಹಿಡಿದು ಕರೆದೊಯ್ದ ಒಂದು ವಿನೋದಸ್ಥಾನದ ಸಂಗತಿಯನ್ನು ಮಾತ್ರ ವಾಚಕರಲ್ಲಿ ಅರಿಕೆ ಮಾಡಬೇಕೆಂದಿದ್ದೇವೆ.

ಲಾಸ್ ಏಂಜಲೀಸ್ ನಗರಕ್ಕೆ ಆಗ್ನೇಯದಲ್ಲಿ ಅನಾಹೈಮ್ ಎಂಬ ಊರಿದೆ. ಒಂದು ಕಾಲದಲ್ಲಿ ಕಿತ್ತಿಳೆಯ ತೋಟಗಳಿದ್ದ ಆ ನೆಲದಲ್ಲಿ, ಚಿತ್ರಗಳನ್ನು ಬೆಳ್ಳಿತೆರೆಯ ಮೇಲೆ ಕುಣಿಸಿ ಹೆಸರಾದ ವಾಲ್ಟ್ ಡಿಸ್ನಿಯವರು 1955ನೆಯ ಇಸವಿ ಜುಲೈ 17ರಂದು ಡಿಸ್ನಿಲ್ಯಾಂಡನ್ನು ತೆರೆದರು. ಬೊಂಬೆಗಳಿಗೆ ಚಲನೆಯನ್ನು ಕೊಡಬೇಕೆಂಬ ಹಂಬಲವು ಅವರಿಗೆ ಅದಕ್ಕಿಂತ ಮೊದಲೇ ಇದ್ದಿತು. 1951ರಲ್ಲಿಯೇ ಬಡ್ಡಿ ಎಬ್ಸೆನ್ ಎಂಬ ನಟರನ್ನು ಚೌಕುಳಿ ಗೆರೆಗಳ ಪರದೆಯ ಮುಂದೆ ಕುಣಿಸಿ, ಅದರ ಚಿತ್ರವನ್ನು ತೆಗೆದು, ಸುಮಾರು ಒಂಬತ್ತು ಅಂಗುಲದ ಒಂದು ಬೊಂಬೆಯು ಅದೇ ಹೆಜ್ಜೆಗಳನ್ನು ಹಾಕುವಂತೆ ಮಾಡಿಸಿದ್ದರು. ರಾಜರ್ ಬ್ರಾಗಿ, ವಾಥೆಲ್ ರಾಜರ್ಸ್ ಎಂಬ ಕುಶಲಿಗಳು ಏರುತಗ್ಗಾಗಿ ಕಡೆದ ಗಾಲಿಗಳಿಂದ ಅದನ್ನು ಸಾಧಿಸಿದರು. ಉದ್ಯಾನದ ಕೃತಕ ನದಿಯಲ್ಲಿ ಮೊದಲಿನಿಂದಲೂ ಮೊಸಳೆ, ನೀರಾನೆಗಳಿದ್ದುವು. ಆದರೆ ಅವು ಬಾಯಿ ತೆರೆದು ಮುಚ್ಚುವ ಒಂದೆರಡು ಚೇಷ್ಟೆಗಳನ್ನು ಮಾತ್ರ ಬಲ್ಲವಾಗಿದ್ದುವು.

ಬೊಂಬೆಯು ನಿಜವಾಗಿ ಮಾತು ಕಲಿತದ್ದು 1963ರ ಜೂನ್ 23ರಂದು ತೆರೆದ ಟಿಕಿ ಮಂದಿರದಲ್ಲಿ. ಮೊದಲು ಭೋಜನಶಾಲೆಯಾಗಬೇಕೆಂದಿದ್ದ ಈ ಕಟ್ಟಡವು ಹುಲ್ಲುಮಾಡಿನ ದೊಡ್ಡ ಗುಡಿಸಲಿನಂತಿದೆ. ನಾವು ಸುತ್ತಲೂ ಹಾಕಿದ್ದ ಆಸನಗಳಲ್ಲಿ ಕುಳಿತೊಡನೆ ಮೇಲಿದ್ದ ನಾಲ್ಕು ಗಿಳಿಗಳು ಎಚ್ಚತ್ತು ತಮ್ಮತಮ್ಮೊಳಗೆ ಹಾಸ್ಯಕ್ಕೆ ತೊಡಗಿದುವು. ಅನಂತರ ನೂರಾರು ಹಕ್ಕಿಗಳೂ ಹೂಗಳೂ ಹಾಡಿದುವು. ಕಂಬಗಳ ಮೇಲಿನ ಮರದ ಮೋರೆಗಳು ಸಹ ಕಣ್ಣುಬಿಟ್ಟು ದನಿಗೂಡಿಸಿದುವು. ನಮ್ಮ ಮನೆಯವರು ಮಾತ್ರ ನೆಲವನ್ನೇ ನೋಡುತ್ತಿದ್ದರು. ಏಕೆಂದು ಕೇಳಲಾಗಿ, “ಇಷ್ಟು ಹಕ್ಕಿಗಳಿದ್ದೂ ಒಂದು ಹಿಕ್ಕೆಯಿಲ್ಲ. ಇಂಥವನ್ನು ಸಾಕಬಹುದು ನೋಡಿ” ಎಂದರು.

ಈ ಕೌತುಕದ ಮರ್ಮವು ಸರಳವಾದುದು. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿಗಳಲ್ಲಿ ಒಂದನ್ನು ಮೀಟಿದರೆ ಮತ್ತೊಂದರ ತಂತಿಯೂ ತಾನಾಗಿ ಮಿಡಿಯುವುದನ್ನು ವಾಚಕರು ಬಲ್ಲರು. ಅಂದಿನ ಏರ್ಪಾಟು ಹೆಚ್ಚುಕಡಮೆ ಹಾಗೆಯೇ ಇದ್ದಿತು. ಗಿಳಿಯ ಮಾತನ್ನೂ ಹಾಡನ್ನೂ ಮುದ್ರಿಸಿದ ಟೇಪಿನಲ್ಲಿಯೇ, ನಮ್ಮ ಕಿವಿಗೆ ಬೀಳದ ಬೇರೆ ಸ್ವರಗಳನ್ನೂ ಮುದ್ರಿಸಿದ್ದರು. ಒಂದೊಂದು ಸ್ವರಕ್ಕೂ ಒಂದೊಂದು ಲೋಹದ ಪಟ್ಟಿಯು ಮಿಡಿಯುತ್ತಿದ್ದಿತು. ಅದು ಮಿಡಿದಾಗ ವಿದ್ಯುತ್ತು ಹರಿದು, ಗಾಳಿಯ ಕೊಳವೆಯ ಬಾಯಿ ತೆರೆದು, ಕೊಕ್ಕು ಅಲುಗುತ್ತಿದ್ದಿತು. ಹೀಗೆ ನುಡಿಯೂ ನಡೆಯೂ ಒಂದೇ ಸುರುಳಿಯಲ್ಲಿದ್ದುದರಿಂದ ಅವು ಎಂದಿಗೂ ಅಗಲುವಂತಿರಲಿಲ್ಲ. ಆಡಿಯೊ ಅನಿಮೆಟ್ರಾನಿಕ್ಸ್ ಎಂದು ಡಿಸ್ನಿಯವರು ಹೆಸರಿಟ್ಟುದು ಈ ವಿದ್ಯೆಗೇ.

ಧಾರಾನಗರದ ಭೋಜರಾಜನು ಹನ್ನೊಂದನೆಯ ಶತಮಾನದಲ್ಲಿ ರಚಿಸಿದ ಸಮರಾಂಗಣಸೂತ್ರಧಾರದಲ್ಲಿ ಯಂತ್ರಗಳಿಗೆಂದೇ ಒಂದು ಅಧ್ಯಾಯವಿದೆ. ಮರದ ಹಕ್ಕಿ, ಬಾಗಿಲು ಕಾಯುವ ಬೊಂಬೆ ಮೊದಲಾದುವನ್ನು ಅಲ್ಲಿ ಹೇಳಿ, ಅವುಗಳ ರಚನೆಯನ್ನು ಬಿಚ್ಚಿ ತಿಳಿಸದಿರುವುದು ಅರಿಯದೆ ಅಲ್ಲ, ಗುಟ್ಟು ಕೆಡಬಾರದೆಂದು ಎಂಬುದಾಗಿ ರಾಜನು ಸಮಾಧಾನ ಹೇಳಿದ್ದಾನೆ. ಹಿಂದೆ ಅದನ್ನು ಓದಿದಾಗ ನಾವು ನಕ್ಕಿದ್ದೆವು. ಗಿಳಿಗಳ ಕೆಳಗೆ ಕುಳಿತಾಗ ಆ ಮಾತು ಅಷ್ಟು ನಗುವಂಥದೆಂದು ತೋರಲಿಲ್ಲ.

ಹಕ್ಕಿಯ ಕೊಕ್ಕು ತೆರೆಯುವುದು, ಮುಚ್ಚುವುದು, ಇಷ್ಟಾದರೆ ಸಾಕು. ಮನುಷ್ಯನ ಕೈ ಏಳುವುದಕ್ಕೆ ಹದ ಬೇಕು, ಬಲವೂ ಬೇಕು. ಅದಕ್ಕಾಗಿ ಗಾಳಿಯ ಜೊತೆಗೆ ಎಣ್ಣೆಯ ಒತ್ತಡವನ್ನೂ ಬಳಸಿದರು. ವಾಥೆಲ್ ರಾಜರ್ಸರು ಮೈಗೆ ಒಂದು ಕವಚವನ್ನು ಬಿಗಿದುಕೊಂಡು ತಾವೇ ಅಭಿನಯಿಸಿ ಬೊಂಬೆಗೆ ಚಲನೆಯನ್ನು ಕಲಿಸಿದರು. ಆರಿಸಿಕೊಂಡುದು ಅಧ್ಯಕ್ಷ ಅಬ್ರಹಾಂ ಲಿಂಕನ್ನರನ್ನು. ಅವರು ಬದುಕಿದ್ದಾಗಲೇ, 1860ರಲ್ಲಿ, ಅವರ ಮುಖದಿಂದ ತೆಗೆದ ಅಚ್ಚನ್ನು ಆಧಾರವಾಗಿಟ್ಟುಕೊಂಡು ಬ್ಲೇನ್ ಗಿಬ್ಸನ್ ಎಂಬ ಶಿಲ್ಪಿಯು ಮುಖವನ್ನು ರೂಪಿಸಿದರು. ರಾಯಲ್ ಡ್ಯಾನೊ ಎಂಬ ನಟರು ಧ್ವನಿ ಕೊಟ್ಟರು. 1964ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ, ಮೊದಲ ನೋಟಕ್ಕೆಂದು ಆಹ್ವಾನಿತರಾಗಿದ್ದ ಅತಿಥಿಗಳ ಎದುರಿನಲ್ಲಿ ಯಂತ್ರವು ಕೆಟ್ಟಿತು. ಪ್ರದರ್ಶನವು ಇನ್ನೂ ಸಿದ್ಧವಾಗಿಲ್ಲವೆಂದು ಡಿಸ್ನಿಯವರೇ ರಂಗದ ಮೇಲೆ ಬಂದು ಹೇಳಬೇಕಾಯಿತು. ಕೆಲವು ದಿನಗಳಲ್ಲಿ ಸರಿಹೋಗಿ ಅದು ಜನರನ್ನು ಬೆರಗುಗೊಳಿಸಿತು. 1965ರ ಜುಲೈಯಲ್ಲಿ ಅಂಥದೇ ಮತ್ತೊಂದು ವಿಗ್ರಹವನ್ನು ಡಿಸ್ನಿಲ್ಯಾಂಡಿನಲ್ಲಿ ಸ್ಥಾಪಿಸಿದರು. ನಾವು ಕಂಡುದು 2009ರಲ್ಲಿ ಹೊಸದಾಗಿ ಮಾಡಿದುದು.

ಕತ್ತಲೆಯ ರಂಗಮಂದಿರದಲ್ಲಿ ತೆರೆ ಸರಿಯಿತು. ಕುರ್ಚಿಯಲ್ಲಿ ಕುಳಿತಿದ್ದ ಲಿಂಕನ್ನರು ಮೆಲ್ಲನೆ ಎದ್ದು ನಿಂತರು. ಅದೇ ಕ್ಷಣದಲ್ಲಿ ನಮ್ಮ ಪಕ್ಕದಲ್ಲಿದ್ದ ಮನೆಯವರೂ ಸೆರಗನ್ನು ಸರಿಮಾಡಿಕೊಂಡು ಎದ್ದು ನಿಂತರು. ಮೊಮ್ಮಗನು ನಾಚಿಕೊಂಡು ಅವರ ಕೈ ಎಳೆದನು. “ದೊಡ್ಡವರು ಎದ್ದಾಗ ಕೂತಿರಬಾರದು ಕಂದ” ಎಂದು ಅವರು ಸಣ್ಣ ದನಿಯಲ್ಲಿ ಹೇಳಿ, ಹಿಂದಿನವರಿಗೆ ಮರೆಯಾದೀತೆಂದು ತೋರಿದ ಮೇಲೆ ಕುಳಿತರು.

ಮರುವರ್ಷವೇ ಅವರು ನಮ್ಮನ್ನು ಅಗಲಿದರು.

2025ರ ಜುಲೈಯಲ್ಲಿ ಒಂದು ಸಂಜೆ ಮೊಮ್ಮಗನು ದೂರವಾಣಿಯಲ್ಲಿ ಕರೆದನು. ಲಿಂಕನ್ನರಿದ್ದ ಮಂದಿರದಲ್ಲಿಯೇ, 1966ರಲ್ಲಿ ತೀರಿಕೊಂಡ ವಾಲ್ಟ್ ಡಿಸ್ನಿಯವರ ಬೊಂಬೆಯನ್ನು ಇಟ್ಟಿದ್ದಾರೆಂದೂ, ಅದು ಅವರದೇ ಧ್ವನಿಯಲ್ಲಿ ಮಾತನಾಡುತ್ತದೆಯೆಂದೂ ವರ್ಣಿಸಿದನು. ಇದು ಸಲ್ಲದೆಂದು ಡಿಸ್ನಿಯವರ ಮೊಮ್ಮಗಳೊಬ್ಬರು ಬಹಿರಂಗವಾಗಿಯೇ ಆಕ್ಷೇಪಿಸಿದ್ದುದನ್ನು ನಾವು ಪತ್ರಿಕೆಯಲ್ಲಿ ಓದಿದ್ದೆವು. ಹುಡುಗನು ಸ್ವಲ್ಪ ಸುಮ್ಮನಿದ್ದು, “ತಾತ, ಅಜ್ಜಿಯ ಧ್ವನಿ ಅಪ್ಪನ ಫೋನಿನಲ್ಲಿದೆ. ಅಜ್ಜಿಯನ್ನೂ ಹಾಗೆ ಮಾಡಬಹುದೇ?” ಎಂದನು.

ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನಮಗೆ ಒಡನೆ ಮಾತು ಹೊರಡಲಿಲ್ಲ. ಬಳಿಕ ಹೇಳಿದೆವು: “ಮಾಡಬಹುದೋ ಏನೋ, ಮಗು. ಆದರೆ ಆ ಬೊಂಬೆಗೆ ಟೇಪಿನಲ್ಲಿರುವಷ್ಟೇ ಬರುವುದು. ಲಿಂಕನ್ನರು ಎದ್ದಾಗ ನಿನ್ನ ಅಜ್ಜಿಯೂ ಎದ್ದಳಲ್ಲ, ಹಾಗೆ ಏಳೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.”

ಹುಡುಗನು ನಕ್ಕು, “ನಾನು ಕೈ ಎಳೆದೆ” ಎಂದನು. ಆಮೇಲೆ ಅಜ್ಜಿ ಇನ್ನೇನೇನು ಮಾಡುತ್ತಿದ್ದಳೆಂದು ಕೇಳತೊಡಗಿದನು. ಅಂದಿನಿಂದ ಪ್ರತಿ ಭಾನುವಾರವೂ ಕೇಳುತ್ತಾನೆ, ನಾವು ಹೇಳುತ್ತಿದ್ದೇವೆ.