ನಮ್ಮ ರೊಕ್ಕ ಯಾವ ಕಾಡಿನಲ್ಲಿದೆ?

ತರಗತಿಯಲ್ಲಿ ಅರಣ್ಯನಾಶದ ಪಾಠ ನಡೆದಿತ್ತು. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ತಾಳೆ ತೋಟಕ್ಕೆಂದು ಕಾಡು ಕಡಿದು, ಇಂಗಾಲ ತುಂಬಿದ ಜೌಗು ನೆಲವನ್ನು ಒಣಗಿಸಿ ಸುಟ್ಟ ಕಥೆ ಹೇಳಿದೆ. ನಮ್ಮ ಪಾಮೋಲಿನ್, ಬಿಸ್ಕತ್ತು, ಸಾಬೂನುಗಳಲ್ಲಿ ಇರುವುದು ತಾಳೆ ಎಣ್ಣೆಯೇ. ಅದನ್ನು ಜಗತ್ತಿನಲ್ಲೇ ಅತಿ ಹೆಚ್ಚು ತರಿಸಿಕೊಳ್ಳುವ ದೇಶ ನಮ್ಮದು ಎಂದೂ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಅಲ್ರೀ ಸರ್, ಆ ತೋಟಕ್ಕ ರೊಕ್ಕ ಯಾರು ಹಾಕ್ತಾರ?" "ಹೂಡಿಕೆದಾರರಪ್ಪಾ" ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ಪಾರಾದೆ.

ಮನೆಗೆ ಬಂದರೂ ಪ್ರಶ್ನೆ ಬಿಡಲಿಲ್ಲ. ಮಗಳ ಓದಿಗೆಂದು ತಿಂಗಳಿಗಿಷ್ಟು ಮ್ಯೂಚುವಲ್ ಫಂಡಿಗೆ ಕಟ್ಟುತ್ತೇನೆ. ಅದರ ಪಟ್ಟಿ ತೆಗೆದು ನೋಡಿದರೆ ಸಾಬೂನು, ಬಿಸ್ಕತ್ತಿನ ಕಂಪನಿಗಳು ಸಾಲಾಗಿ ನಿಂತಿದ್ದವು. ಹೂಡಿಕೆದಾರ ನಾನೇ! ಆ ಹುಡುಗನ ತಂದೆ ಸಿಮೆಂಟ್ ಕಾರ್ಖಾನೆಯ ಕಾರ್ಮಿಕರು. 2015ರಿಂದ ಪಿ.ಎಫ್. ಹಣದ ಒಂದು ಪಾಲೂ ಶೇರುಪೇಟೆಗೆ ಹೋಗುತ್ತಿದೆ. ಅಂದಮೇಲೆ ಅವರೂ ಹೂಡಿಕೆದಾರರೇ.

ಮರುದಿನ ಹುಡುಗನಿಗೆ ಇದನ್ನೇ ಹೇಳಿದೆ. "ಹಂಗಾದ್ರ ಆ ಎಣ್ಣೀನೇ ಬ್ಯಾಡ ಅನ್ರಿ ಸರ್" ಎಂದ.

ಲೆಕ್ಕ ಅಷ್ಟು ಸರಳವಲ್ಲ. ಒಂದು ಹೆಕ್ಟೇರ್ ತಾಳೆ ವರ್ಷಕ್ಕೆ ಸುಮಾರು 3ರಿಂದ 4 ಟನ್ ಎಣ್ಣೆ ಕೊಡುತ್ತದೆ. ಸೋಯಾ ಕೊಡುವುದು ಅರ್ಧ ಟನ್ನಿನಷ್ಟು. ತಾಳೆ ಬಿಟ್ಟರೆ ಬೇರೆ ಎಣ್ಣೆಗೆ ಇನ್ನೂ ಹೆಚ್ಚು ನೆಲ ಬೇಕು. ತಪ್ಪು ಬೆಳೆಯದಲ್ಲ, ಬೆಳೆಯುವ ರೀತಿಯದು.

ಆ ರೀತಿಯನ್ನು ರೊಕ್ಕ ತಿದ್ದಬಲ್ಲದು. ನಾರ್ವೆಯ ಸರ್ಕಾರಿ ಪಿಂಚಣಿ ನಿಧಿ 2012ರಲ್ಲಿ 23 ತಾಳೆ ಎಣ್ಣೆ ಕಂಪನಿಗಳ ಶೇರು ಮಾರಿತು. ಅವುಗಳಲ್ಲೊಂದಾದ ವಿಲ್ಮಾರ್ 2013ರ ಡಿಸೆಂಬರಿನಲ್ಲಿ, ಕಾಡು ಕಡಿದು ಬೆಳೆದ ಎಣ್ಣೆ ನಮಗೆ ಬೇಡ ಎಂಬ ನೀತಿ ಪ್ರಕಟಿಸಿತು. ಎಣ್ಣೆ ಕೊಳ್ಳುವ ದೊಡ್ಡ ಗಿರಾಕಿಗಳ ಒತ್ತಡವೂ ಅದರ ಹಿಂದಿತ್ತು. ಆದರೆ ಶೇರು ಮಾರಿದ ಮೇಲೆ ನಮ್ಮ ಮಾತಿಗೆ ಅಲ್ಲಿ ಜಾಗವಿಲ್ಲ. ಆದ್ದರಿಂದ ಮೊದಲು ಕೇಳಬೇಕು. ಕೇಳಿಯೂ ತಿದ್ದಿಕೊಳ್ಳದಿದ್ದರೆ ಬಿಡಬೇಕು.

ಕೇಳಲು ದಾರಿಯಿದೆ. ಒಂದೇ ಶೇರಿದ್ದವರೂ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಎತ್ತಬಹುದು. ಶೇರುಪೇಟೆಯ ಮೊದಲ 1000 ದೊಡ್ಡ ಕಂಪನಿಗಳು, ಪರಿಸರಕ್ಕೆ ಹಾನಿಯಾಗದಂತೆ ಪಡೆದ ಕಚ್ಚಾ ಸಾಮಗ್ರಿ ಶೇಕಡಾ ಎಷ್ಟು ಎಂಬ ಪ್ರಶ್ನೆಗೆ 2022-23ರಿಂದ ವರದಿಯಲ್ಲಿ ಉತ್ತರಿಸಬೇಕಾಗಿದೆ. ಫಂಡ್ ಸಂಸ್ಥೆಗಳೂ ನಮ್ಮ ಪರವಾಗಿ ಹೇಗೆ ಮತ ಹಾಕಿದೆವೆಂದು ಪ್ರಕಟಿಸಬೇಕು. ಪಾಲಕರೇ, ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಮ್ಮೆ ಓದಿ ನೋಡಿ.

ನಾನು ನನ್ನ ಫಂಡಿಗೆ ಕಾಗದ ಬರೆದೆ. ಉತ್ತರವಾಗಿ ಬಣ್ಣದ ಪುಸ್ತಿಕೆಯೊಂದು ಬಂತು. ಪ್ರಶ್ನೆಗೆ ಉತ್ತರ ಅದರಲ್ಲಿರಲಿಲ್ಲ. ಮತ್ತೆ ಬರೆದಿದ್ದೇನೆ.

ನಮ್ಮ ಭಂಕೂರಿನ ಸುತ್ತ ಫರಸಿ ಕಲ್ಲು ತೆಗೆದು ಹಾಗೇ ಬಿಟ್ಟ ಖಣಿಗಳಿವೆ. ಆ ಕಲ್ಲಿನ ಲಾಭ ಎಣಿಸಿದವರಲ್ಲಿ ಎಷ್ಟು ಜನ ಬಂದು ಈ ತಗ್ಗು ನೋಡಿದರೋ! ಬೋರ್ನಿಯೋದ ಕಾಡಿನವರಿಗೆ ನಾವೂ ಹಾಗೆಯೇ ದೂರ ಕುಳಿತು ಲಾಭ ಎಣಿಸುವವರು. ತಗ್ಗಿನ ಪಕ್ಕ ಬದುಕುವುದೆಂದರೇನೆಂದು ಬಲ್ಲ ನಾವಾದರೂ ಕೇಳಬೇಡವೇ?